ಇಪ್ಪತ್ತೈದು ನಿಮಿಷದ ಲೆಕ್ಕ

ಮಧ್ಯವಾರ್ಷಿಕ ಪರೀಕ್ಷೆಯ ವಾರದಲ್ಲಿ ನಾನು ಜೀವನದಲ್ಲಿ ಮೊದಲ ಸಲ ಒಂದು ಪೂರ್ತಿ ಊಟ ತಯಾರಿಸಿದೆ. ಮೀನು, ಅನ್ನ, ಹಸಿ ತರಕಾರಿ, ಮೇಲೆ ಶೇಂಗಾ ಚಟ್ನಿಪುಡಿ, ಎಲ್ಲ ಒಂದೇ ಬಟ್ಟಲಿನಲ್ಲಿ. ಮೊಬೈಲ್‌ನಲ್ಲಿ ಯಾರೋ ಸಾಲ್ಮನ್ ಮೀನಿಟ್ಟು ಮಾಡಿ ತೋರಿಸಿದ್ದನ್ನು ನೋಡಿ, ನಮ್ಮೂರಿನ ಕಾಟ್ಲಾ ಮೀನಿನಲ್ಲಿ ಮಾಡಿದ್ದೆ. ಅಬ್ಬಾ ಎರಡು ಸಲ ಹಾಕಿಸಿಕೊಂಡು ತಿಂದರು. "ಎಷ್ಟು ಹೊತ್ತು ಹಿಡೀತು?" ಎಂದು ಕೇಳಿದರು. ನಾನು ಎದೆಯುಬ್ಬಿಸಿ, "ಬರೀ ಇಪ್ಪತ್ತೈದು ನಿಮಿಷ" ಎಂದೆ.

ನನ್ನ ತಂಗಿ ಇದೇ ಕಾಲೇಜಿನಲ್ಲಿ ಪ್ರಥಮ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಓದುತ್ತಾಳೆ. ಅವಳು ಏನೂ ಮಾತಾಡಲಿಲ್ಲ. ಊಟವಾದ ಮೇಲೆ ಪಾತ್ರೆ ತೊಳೆದು, ಒಲೆ ಒರೆಸಿ, ಕೈ ಒರೆಸಿಕೊಂಡು ಬಂದು, ತನ್ನ ರಫ್ ನೋಟಿನ ಹಾಳೆಯೊಂದನ್ನು ನನ್ನ ಪುಸ್ತಕದ ಮೇಲಿಟ್ಟಳು. ಅದರಲ್ಲಿ ಹೀಗೆ ಬರೆದಿತ್ತು:

ಅಬ್ಬಾ: ಮಾರ್ಕೆಟ್‌ಗೆ ಹೋಗಿ ಮೀನು ತಂದದ್ದು, 40 ನಿಮಿಷ.
ನಾನು: ಮೀನು ತೊಳೆದದ್ದು 20, ಶುಂಠಿ ಬೆಳ್ಳುಳ್ಳಿ ಸುಲಿದು ಅರೆದದ್ದು 10, ಶೇಂಗಾ ಹುರಿದು ಪುಡಿ ಮಾಡಿದ್ದು 15, ಸೊಪ್ಪು ಬಿಡಿಸಿದ್ದು 10, ಪಾತ್ರೆ 20, ಒಲೆ ಮತ್ತು ಸಿಂಕು 10. ಒಟ್ಟು 85 ನಿಮಿಷ.
ಭಾಯ್: 25 ನಿಮಿಷ.
ಊಟದ ನಿಜವಾದ ಖರ್ಚು: 150 ನಿಮಿಷ.

ಕೆಳಗೆ ಒಂದು ಸಾಲು. "ಒಂದು ಕಡೆ ಖರ್ಚು ಬರೆದರೆ ಇನ್ನೊಂದು ಕಡೆ ಜಮಾ ಬರೆಯಬೇಕು ಭಾಯ್. ನೀನು ಒಂದೇ ಕಡೆ ಬರೆದಿದ್ದೀಯ."

ಮರುದಿನ ಅವಳಿಗೆ ಲೆಕ್ಕಶಾಸ್ತ್ರದ ಪರೀಕ್ಷೆ ಇತ್ತು. ಕೊನೆಯ ದೊಡ್ಡ ಲೆಕ್ಕವನ್ನು ಅರ್ಧಕ್ಕೆ ಬಿಟ್ಟು ಬಂದಳು. "ಹೊತ್ತು ಸಾಲಲಿಲ್ಲ" ಎಂದಷ್ಟೇ ಹೇಳಿದಳು. ಅದಕ್ಕೆ ನಾನೊಬ್ಬನೇ ಕಾರಣ ಎಂದು ಅವಳು ಹೇಳಿಲ್ಲ, ನಾನೂ ಹೇಳುತ್ತಿಲ್ಲ. ಆದರೆ ಆ 85 ನಿಮಿಷ ಯಾರ ಓದಿನಿಂದ ಕಡಿತವಾಯಿತು ಎಂಬುದು ನನಗೆ ಗೊತ್ತು. ನನ್ನ ಓದಿನಿಂದ ಅಲ್ಲ.

ಈ ಲೇಖನ ಬರೆಯಲು ಆ ಹಾಳೆಯೇ ಕಾರಣ. ಮೀನು-ಅನ್ನದ ಬಟ್ಟಲು ಮಾಡುವ ವಿಧಾನವನ್ನು ಖಂಡಿತ ಹೇಳುತ್ತೇನೆ, ಯಾಕೆಂದರೆ ಅದು ನಿಜಕ್ಕೂ ಒಳ್ಳೆಯ ಊಟ. ಆದರೆ ಅದರ ಜೊತೆಗೆ ಪೂರ್ತಿ ಲೆಕ್ಕವನ್ನೂ ಹೇಳುತ್ತೇನೆ.

ಮೊದಲು ಮನೆಯ ಪರಿಸ್ಥಿತಿ. ನಮ್ಮ ಮನೆ ಇರುವುದು ಚಳ್ಳಕೆರೆಯಲ್ಲಿ. ಅಬ್ಬಾ ಗೂಡ್ಸ್ ಆಟೊ ಓಡಿಸುತ್ತಾರೆ. ಶೇಂಗಾ ಸೀಸನ್ನಿನಲ್ಲಿ ಮಂಡಿಗೂ ಎಣ್ಣೆ ಮಿಲ್ಲಿಗೂ ತಿರುಗಿ ಅವರು ಮನೆ ಸೇರುವುದು ರಾತ್ರಿ ಎಂಟರ ಮೇಲೆ. ನನ್ನ ನಾನಿ, ಎಂದರೆ ಅಮ್ಮಿಯ ತಾಯಿ, ಇರುವುದು ಮೊಳಕಾಲ್ಮುರಿನಲ್ಲಿ. ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರಿಂದ ಅಮ್ಮಿ ಹದಿನೈದು ದಿನ ಅಲ್ಲೇ ಇರಬೇಕಾಯಿತು. ಮನೆಯಲ್ಲಿ ಉಳಿದದ್ದು ನಾವು ಮೂವರು. ಅಮ್ಮಿ ಹೋಗುವ ದಿನ ಅಡುಗೆ ಯಾರು ಮಾಡಬೇಕೆಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಐದಕ್ಕೆ ತಂಗಿ ಎದ್ದು ಒಲೆ ಹಚ್ಚಿದಳು. ನಾನು ಆರಕ್ಕೆ ಎದ್ದು ಭೌತಶಾಸ್ತ್ರ ತೆರೆದೆ. ಇಬ್ಬರಿಗೂ ಪರೀಕ್ಷೆ ಇತ್ತು. ಇದು ಅನ್ಯಾಯ ಎಂದು ನನಗೆ ಆಗ ಅನ್ನಿಸಲೇ ಇಲ್ಲ. ಇದೇ ನನಗೆ ಈಗ ಹೆಚ್ಚು ಚುಚ್ಚುವ ಮಾತು.

ಇನ್ನು ಮೀನಿನ ವಿಷಯ. ಬಯಲುಸೀಮೆಯ ಚಳ್ಳಕೆರೆಗೂ ಮೀನಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಮುದ್ರ ಇರುವುದು ಘಟ್ಟದಾಚೆ, ನೂರಾರು ಕಿಲೋಮೀಟರ್ ದೂರ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಆದರೂ ಇಲ್ಲಿ ಮೀನು ಇದೆ. ಪಕ್ಕದ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ, ಜನ ಮಾರಿಕಣಿವೆ ಎನ್ನುತ್ತಾರಲ್ಲ, ಅದು ಮೈಸೂರು ಅರಸರ ಕಾಲದಲ್ಲಿ ವೇದಾವತಿ ನದಿಗೆ ಕಟ್ಟಿದ ಅಣೆಕಟ್ಟೆ. 1933ರಲ್ಲಿ ಕೋಡಿ ಬಿದ್ದಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಆಗ ನಾನು ಹೈಸ್ಕೂಲಿನಲ್ಲಿದ್ದೆ, ಊರಿಗೆ ಊರೇ ಕೋಡಿ ನೋಡಲು ಹೋಗಿತ್ತು. ಅದೇ ವೇದಾವತಿ ನಮ್ಮ ತಾಲ್ಲೂಕಿನ ಪರಶುರಾಂಪುರದ ಕಡೆಯಿಂದ ಹಾದು ಆಂಧ್ರಕ್ಕೆ ಹೋಗುತ್ತದೆ. ಮೊಳಕಾಲ್ಮುರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗ ಜಲಾಶಯವಿದೆ. ಮಳೆ ಚೆನ್ನಾಗಿ ಆದ ವರ್ಷ ಕೆರೆಗಳಿಗೆ ಕಾಟ್ಲಾ, ರೋಹು, ಮೃಗಾಲ್, ಗೆಂಡೆ ಮರಿಗಳನ್ನು ಬಿಡುತ್ತಾರೆ. ಸುಮಾರು ಒಂದು ವರ್ಷದಲ್ಲಿ ಅವು ಮಾರುವ ಗಾತ್ರಕ್ಕೆ ಬರುತ್ತವೆ. ಜಿಲೇಬಿ ಮೀನಂತೂ ಯಾರೂ ಬಿಡದಿದ್ದರೂ ಬೆಳೆಯುತ್ತದೆ.

ಬಂಗುಡೆ, ಸೀಗಡಿ ಐಸ್ ಪೆಟ್ಟಿಗೆಯಲ್ಲಿ ಕರಾವಳಿಯಿಂದ ಬರುತ್ತವೆ. ಬಂಗುಡೆಯಂಥ ಕಡಲ ಮೀನಿನಲ್ಲಿ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಕೆರೆ ಮೀನಿಗಿಂತ ಹೆಚ್ಚು. ಅದು ನಿಜ. ಆದರೆ ಕೆರೆ ಮೀನು ತಾಜಾ ಸಿಗುತ್ತದೆ, ಮತ್ತು ಪ್ರೋಟೀನ್ ವಿಷಯದಲ್ಲಿ ಅದೇನೂ ಕಡಿಮೆಯಲ್ಲ. ಏಡಿ, ಕಪ್ಪೆಚಿಪ್ಪು ನಮ್ಮಂಥ ಹನಫಿ ಮನೆಗಳಿಗೆ ಬರುವುದಿಲ್ಲ. ಸೀಗಡಿ ಬಗ್ಗೆ ಉಲೇಮಾಗಳಲ್ಲೇ ಎರಡು ಅಭಿಪ್ರಾಯವಿದೆ. ಮೀನಿಗೆ ಆ ತಕರಾರಿಲ್ಲ, ಜಬಹ್ ಕೂಡ ಬೇಕಿಲ್ಲ. ಆದ್ದರಿಂದ ಮೀನನ್ನೇ ಹಿಡಿದುಕೊಂಡೆ.

ಈಗ ಮಾಡುವ ವಿಧಾನ. ಇದು ಮೂರು ಜನಕ್ಕೆ.

ಕಾಟ್ಲಾ ಅಥವಾ ರೋಹು ತುಂಡುಗಳು ಸುಮಾರು 450 ಗ್ರಾಂ. ದೊಡ್ಡ ಮೀನಿನ ತುಂಡು ಕೇಳಿ, ಸಣ್ಣ ಮೀನಿನಲ್ಲಿ ಕವಲು ಮುಳ್ಳುಗಳನ್ನು ಬಿಡಿಸುವಷ್ಟರಲ್ಲಿ ಹಸಿವೇ ಹೋಗುತ್ತದೆ. ಮೀನಿನ ಕಣ್ಣು ತಿಳಿಯಾಗಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದರೆ ತಗ್ಗು ಬಿದ್ದಲ್ಲೇ ಉಳಿಯದೆ ಮೇಲೇಳಬೇಕು. ಮನೆಗೆ ತಂದ ಮೇಲೆ ಕಲ್ಲುಪ್ಪು ಮತ್ತು ಅರಿಶಿನ ಹಚ್ಚಿ ಉಜ್ಜಿ ಮೂರು ನೀರಿನಲ್ಲಿ ತೊಳೆಯಿರಿ. ಉಳಿದ ಹುರುಪೆ, ಹೊಟ್ಟೆಯೊಳಗಿನ ಕಪ್ಪು ಪೊರೆ ತೆಗೆಯಿರಿ. ವಾಸನೆಯ ಮೂಲ ಬಹುಪಾಲು ಅಲ್ಲೇ ಇರುತ್ತದೆ. ನೀರು ಪೂರ್ತಿ ಬಸಿದ ಮೇಲೆ ಒಂದು ಚಮಚ ಖಾರದ ಪುಡಿ, ಅರ್ಧ ಚಮಚ ಅರಿಶಿನ, ಒಂದು ಚಮಚ ಶುಂಠಿ ಬೆಳ್ಳುಳ್ಳಿ, ಉಪ್ಪು, ಅರ್ಧ ನಿಂಬೆಹಣ್ಣಿನ ರಸ ಸವರಿಡಿ.

ಒಂದು ಲೋಟ ಸೋನಾ ಮಸೂರಿ ಅಕ್ಕಿ, ಅರ್ಧ ಲೋಟ ನವಣೆ ತೊಳೆದು ಅರ್ಧ ಗಂಟೆ ನೆನೆಸಿ. ನವಣೆ ನಮ್ಮ ಕಡೆಯ ಹೊಲದ ಧಾನ್ಯ, ನಾರಿನಂಶ ಹೆಚ್ಚು, ಹೊಟ್ಟೆ ಬೇಗ ಖಾಲಿಯಾಗುವುದಿಲ್ಲ. ಮೂರು ಲೋಟ ನೀರು ಹಾಕಿ ಕುಕ್ಕರ್ ಎರಡು ಸೀಟಿ ಕೂಗಿಸಿ ಇಳಿಸಿ. ಕುಕ್ಕರ್ ತಣಿಯುವ ಹೊತ್ತಿಗೆ ದೋಸೆ ಹಂಚನ್ನು ಚೆನ್ನಾಗಿ ಕಾಯಿಸಿ, ಎರಡು ಚಮಚ ಶೇಂಗಾ ಎಣ್ಣೆ ಹರಡಿ, ಮೀನಿನ ತುಂಡುಗಳನ್ನು ಇಟ್ಟು ಸಣ್ಣ ಉರಿಗಿಂತ ಸ್ವಲ್ಪ ಮೇಲೆ ಒಂದೊಂದು ಬದಿ ನಾಲ್ಕು ನಿಮಿಷ ಬೇಯಿಸಿ. ಮುಟ್ಟಬೇಡಿ, ಕದಲಿಸಬೇಡಿ. ಮೀನು ಬೆಂದಾಗ ಹಂಚನ್ನು ತಾನೇ ಬಿಡುತ್ತದೆ. ನಾನು ಮೊದಲ ಸಲ ಹಂಚು ಕಾಯುವ ಮೊದಲೇ ಇಟ್ಟು, ನಿಮಿಷಕ್ಕೊಮ್ಮೆ ಕೆದಕಿ, ಅರ್ಧ ಮೀನನ್ನು ಹಂಚಿಗೇ ಬಿಟ್ಟುಕೊಟ್ಟಿದ್ದೆ. ಅದನ್ನು ಕೆರೆದು ತೆಗೆದವರು ಯಾರೆಂದು ಈಗ ನಿಮಗೆ ಗೊತ್ತು.

ಆ ಎಂಟು ನಿಮಿಷದಲ್ಲಿ ಒಂದು ಸೌತೆಕಾಯಿ, ಒಂದು ಗಜ್ಜರಿ, ಒಂದು ಈರುಳ್ಳಿ ಸಣ್ಣಗೆ ಹೆಚ್ಚಿಕೊಳ್ಳಿ. ಎಳೆಯ ಮೆಂತ್ಯ ಸೊಪ್ಪು ಇದ್ದರೆ ಒಂದು ಹಿಡಿ. ಮೀನು ಇಳಿಸಿದ ಹಂಚಿನ ಬಿಸಿಗೇ ಆ ಸೊಪ್ಪನ್ನು ಒಂದು ನಿಮಿಷ ಬಾಡಿಸಿದರೆ ಕಹಿ ಹೋಗುತ್ತದೆ. ಮೀನಿನ ಮುಳ್ಳು ತೆಗೆದು ಬಿಡಿಬಿಡಿ ಮಾಡಿ. ಬಟ್ಟಲಿಗೆ ಅನ್ನ, ಒಂದು ಕಡೆ ಮೀನು, ಒಂದು ಕಡೆ ತರಕಾರಿ, ಮೇಲೆ ಎರಡು ಚಮಚ ಶೇಂಗಾ ಚಟ್ನಿಪುಡಿ, ಕೊತ್ತಂಬರಿ. ಉಳಿದ ಅರ್ಧ ನಿಂಬೆಹಣ್ಣನ್ನು ತಿನ್ನುವ ಮುಂಚೆ ಹಿಂಡಿ, ಒಲೆಯ ಮೇಲಿರುವಾಗಲ್ಲ. ಬಿಸಿಗೆ ಸಿ ವಿಟಮಿನ್ ಹಾಳಾಗುತ್ತದೆ.

ಮೀನು ತಿನ್ನದವರಿಗೆ ಇದೇ ಬಟ್ಟಲು ಮೊಳಕೆ ಹೆಸರುಕಾಳಿನಲ್ಲೋ ಬೇಯಿಸಿದ ಕಡಲೆಕಾಳಿನಲ್ಲೋ ಆಗುತ್ತದೆ. ನನ್ನ ಬೆಂಚಿನ ಗೆಳೆಯ ಸಸ್ಯಾಹಾರಿ, ಅವನು ಹಾಗೇ ಮಾಡಿಕೊಂಡು ತರುತ್ತಾನೆ. ಅವನ ಪಕ್ಕ ಕೂತು ಮೀನಿನ ಡಬ್ಬಿ ತೆರೆಯುವಾಗ ನಾನು ಕಿಟಕಿ ಕಡೆ ಸರಿಯುತ್ತೇನೆ, ಅವನು ನಗುತ್ತಾನೆ. ಅಷ್ಟು ಮರ್ಯಾದೆ ಇದ್ದರೆ ಒಂದೇ ಬೆಂಚಿನಲ್ಲಿ ಎರಡು ಊಟ ನಡೆಯುತ್ತದೆ.

ಇಷ್ಟೆಲ್ಲ ಯಾಕೆ, ಗೇಟಿನ ಹೊರಗೆ ಪಫ್ಸು ಸಿಗುತ್ತದಲ್ಲ ಎಂದು ಕೇಳುವವರಿಗೆ ಒಂದಿಷ್ಟು ಅಂಕಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸಿನ ಪ್ರಕಾರ 16ರಿಂದ 18 ವರ್ಷದ ಹುಡುಗರಿಗೆ ದಿನಕ್ಕೆ ಸುಮಾರು 55 ಗ್ರಾಂ, ಹುಡುಗಿಯರಿಗೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಕಾಟ್ಲಾ, ರೋಹುವಿನ 100 ಗ್ರಾಂ ಮಾಂಸದಲ್ಲಿ ಸುಮಾರು 17 ಗ್ರಾಂ ಪ್ರೋಟೀನ್ ಇರುತ್ತದೆ. ಅನ್ನ, ನವಣೆ, ಶೇಂಗಾ ಸೇರಿದರೆ ಒಂದು ಬಟ್ಟಲು 25 ಗ್ರಾಂ ದಾಟುತ್ತದೆ. ಒಂದು ಹುಡುಗಿಗೆ ದಿನಕ್ಕೆ ಬೇಕಾದ ಅರ್ಧಕ್ಕಿಂತ ಹೆಚ್ಚು ಒಂದೇ ಹೊತ್ತಿನಲ್ಲಿ ಸಿಕ್ಕಿತು. ಎಣ್ಣೆ ಬಳಸಿದ್ದು ಮೂವರಿಗೆ ಎರಡು ಚಮಚ.

ಇನ್ನೊಂದು ಅಂಕಿ ಇದಕ್ಕಿಂತ ಗಂಭೀರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇದೆ, ಹುಡುಗರಲ್ಲಿ ಶೇ 31. ನಮ್ಮ ತರಗತಿಗಳ ಹುಡುಗಿಯರ ಸಾಲನ್ನು ಕಣ್ಣ ಮುಂದೆ ತಂದುಕೊಂಡು ಈ ಅಂಕಿಯನ್ನು ಇನ್ನೊಮ್ಮೆ ಓದಿ. ಮೀನಿನಲ್ಲಿ ಕಬ್ಬಿಣಾಂಶ ಹೇರಳವಾಗಿಲ್ಲ. ಆದರೆ ಸೊಪ್ಪು, ಕಾಳು, ಧಾನ್ಯದಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಮೀನೂ ನಿಂಬೆರಸವೂ ನೆರವಾಗುತ್ತವೆ. ಊಟದ ಹಿಂದೆಯೇ ಚಹಾ ಕುಡಿದರೆ ಆ ಲಾಭ ಕಡಿಮೆಯಾಗುತ್ತದೆ. ಚಹಾಕ್ಕೆ ಒಂದು ಗಂಟೆ ಬಿಡಿ. ರಕ್ತಹೀನತೆ ಇದೆ ಎಂದು ವೈದ್ಯರು ಹೇಳಿದ್ದರೆ ಈ ಬಟ್ಟಲನ್ನು ನಂಬಿ ಕೂರಬೇಡಿ, ಕಾಲೇಜಿಗೆ ಬರುವ ಕಬ್ಬಿಣದ ಮಾತ್ರೆಯನ್ನು ನುಂಗಿ, ಡೆಸ್ಕಿನ ಕೆಳಗೆ ಎಸೆಯಬೇಡಿ.

ಆದರೆ ಊಟದ ಗುಣ ಹೇಳುವವರೆಲ್ಲ ಒಂದು ಪ್ರಶ್ನೆಯನ್ನು ದಾಟಿ ಹೋಗುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ಎಲ್ಲರಿಗೂ ಪುಷ್ಟಿಕರ ಊಟ ಮಾಡಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ತಾನು ಚಹಾ ಕುಡಿದು ಓಡಿ ಬರುವ ಹುಡುಗಿಗೆ ಆ ಊಟದಿಂದ ಏನು ಲಾಭ? ಆ ಹದಿನೈದು ದಿನ ತಂಗಿ ಕಾಲೇಜಿಗೆ ಬಂದದ್ದು ಹೆಚ್ಚಾಗಿ ಹಾಗೇ. ನನ್ನ ಡಬ್ಬಿ ತುಂಬಿರುತ್ತಿತ್ತು. ಅವಳದು ತುಂಬಿದೆಯೇ ಎಂದು ನಾನು ನೋಡಿರಲಿಲ್ಲ.

ಇದು ನಮ್ಮ ಮನೆಯೊಂದರ ಕತೆಯಲ್ಲ. ಕೇಂದ್ರ ಸರ್ಕಾರ 2019ರಲ್ಲಿ ದೇಶಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಆರು ವರ್ಷ ದಾಟಿದ ಹೆಂಗಸರಲ್ಲಿ ಶೇ 81 ಮಂದಿ ಸಂಬಳವಿಲ್ಲದ ಮನೆಗೆಲಸ ಮಾಡುತ್ತಾರೆ, ಅದೂ ದಿನಕ್ಕೆ ಸರಾಸರಿ 299 ನಿಮಿಷ. ಗಂಡಸರಲ್ಲಿ ಮಾಡುವವರು ಶೇ 26, ಅವರು ಮಾಡುವುದು 97 ನಿಮಿಷ. ತಂಗಿಯ ರಫ್ ಹಾಳೆಯಲ್ಲಿದ್ದದ್ದನ್ನೇ ಸರ್ಕಾರ ದೊಡ್ಡ ಪುಸ್ತಕದಲ್ಲಿ ಬರೆದಿದೆ.

ಈ ಮಾತನ್ನು ಗೆಳೆಯರ ಮುಂದೆ ಹೇಳಿದಾಗ ಮೂರು ಉತ್ತರ ಬಂದವು. ಮೂರಕ್ಕೂ ನನ್ನ ಅನಿಸಿಕೆ ಹೇಳುತ್ತೇನೆ.

ಮೊದಲನೆಯದು: "ನಮಗೆ ನೀಟ್, ಸಿಇಟಿ ಇದೆ, ಹೊತ್ತೆಲ್ಲಿ?" ಅದೇ ನೀಟ್, ಸಿಇಟಿ ಬರೆಯುವ ಹುಡುಗಿಯರೂ ನಮ್ಮದೇ ತರಗತಿಯಲ್ಲಿದ್ದಾರೆ. ಅವರಿಗೆ ದಿನಕ್ಕೆ 24 ಗಂಟೆಗಿಂತ ಹೆಚ್ಚು ಕೊಟ್ಟವರು ಯಾರೂ ಇಲ್ಲ.

ಎರಡನೆಯದು: "ಅಡುಗೆ ಗಂಡಸರ ಕೆಲಸವಲ್ಲ." ನಮ್ಮ ಮದುವೆಗಳಲ್ಲಿ ದೇಗ್ ಇಟ್ಟು ಐನೂರು ಜನಕ್ಕೆ ಬಿರಿಯಾನಿ ದಮ್ ಕಟ್ಟುವವರು ಯಾರು? ಹೋಟೆಲಿನಲ್ಲಿ ದೋಸೆ ಹುಯ್ಯುವವರು ಯಾರು? ಕೂಲಿ ಬರುವಾಗ ಅಡುಗೆ ಗಂಡಸರದು, ಬರದೇ ಇರುವಾಗ ಹೆಂಗಸರದು ಎಂದಾಯಿತು. ಇನ್ನು ದೀನ್ ಹೆಸರು ಹೇಳುವವರು, ಪ್ರವಾದಿಯವರು (ಸ) ಮನೆಯಲ್ಲಿದ್ದಾಗ ಮನೆಗೆಲಸಕ್ಕೆ ಕೈಜೋಡಿಸುತ್ತಿದ್ದರು, ತಮ್ಮ ಬಟ್ಟೆ ತಾವೇ ಹೊಲಿದುಕೊಳ್ಳುತ್ತಿದ್ದರು ಎಂಬುದನ್ನು ಮದರಸದಲ್ಲಿ ನನ್ನ ಜೊತೆಯಲ್ಲೇ ಕೂತು ಕೇಳಿದವರು. ಕೇಳಿದ್ದು ಮರೆತಿದ್ದೇವೆ, ಅಷ್ಟೆ.

ಮೂರನೆಯದು ಸ್ವಲ್ಪ ಕಷ್ಟದ್ದು: "ಅವಳೇ ಬೇಡ ಅಂತಾಳೆ, ನನ್ನನ್ನು ಅಡುಗೆಮನೆಗೆ ಬಿಡೋದಿಲ್ಲ." ಇದು ನಿಜ. ನನ್ನ ತಂಗಿಯೂ ಹಾಗೇ ಅಂದಿದ್ದಳು. ಯಾಕೆಂದು ಕೇಳಿದೆ. "ನೀನು ಒಂದು ಮಾಡಿದರೆ ನನಗೆ ಎರಡು ಕೆಲಸ ಆಗುತ್ತೆ" ಎಂದಳು. ಹಂಚಿಗೆ ಹಿಡಿದ ಮೀನು ನೆನಪಾಯಿತು. ಅರ್ಧ ಕೆಲಸ ಕಲಿತವನು ಸಹಾಯಕನಲ್ಲ, ಅತಿಥಿ. ಅಡುಗೆ ಕಲಿಯುವುದೆಂದರೆ ಮಾರ್ಕೆಟ್ಟಿನಿಂದ ಹಿಡಿದು ಸಿಂಕು ತೊಳೆಯುವವರೆಗೆ ಕಲಿಯುವುದು. ಒಲೆ ಮುಂದಿನ ಇಪ್ಪತ್ತೈದು ನಿಮಿಷ ಅದರಲ್ಲಿ ಸುಲಭದ ಭಾಗ, ಹೊಗಳಿಕೆ ಬರುವ ಭಾಗವೂ ಅದೇ.

ಆ ಹಾಳೆ ಓದಿದ ಭಾನುವಾರ ನಾನು ಮೊಳಕಾಲ್ಮುರಿಗೆ ಹೋದೆ. ತಂಗಿಗೆ ಸೋಮವಾರ ಪರೀಕ್ಷೆ ಇದ್ದುದರಿಂದ ಅವಳು ಬರಲಿಲ್ಲ. ಬಸ್ ಇಳಿದವನೇ ಮೀನು ತೆಗೆದುಕೊಂಡೆ. ರಂಗಯ್ಯನದುರ್ಗದ ಡ್ಯಾಮಿನದು ಎಂದು ಮಾರುವವರು ಹೇಳಿದರು. ನಾನಿಯ ಮನೆಯ ಹಿತ್ತಿಲಲ್ಲಿ ಕೂತು ನಾನೇ ತೊಳೆದೆ. ಬೆರಳಿಗೆ ಎರಡು ಕಡೆ ಮುಳ್ಳು ಚುಚ್ಚಿತು. ಅಮ್ಮಿ ಎರಡು ಸಲ ಎದ್ದು ಬಂದರು, ಎರಡು ಸಲವೂ "ಕೂತ್ಕೊಳ್ಳಿ ಅಮ್ಮಿ" ಎಂದು ಕಳಿಸಿದೆ. ಮಾರ್ಕೆಟ್ ಬಿಟ್ಟು ಉಳಿದ ಎಲ್ಲ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು.

ನಾನಿ ಚಿಕ್ಕಂದಿನಿಂದ ಮಗ್ಗದ ಮನೆಗಳಿಗೆ ರೇಷ್ಮೆ ಕಂಡಿಕೆ ಸುತ್ತಿಕೊಟ್ಟವರು. ಮೊಳಕಾಲ್ಮುರು ಸೀರೆ ಎಂದರೆ ಇಂದು ಜಿಐ ಟ್ಯಾಗ್ ಇರುವ ಹೆಸರು. ಸೀರೆಗೆ ಮಜೂರಿ ಸಿಗುವುದು ಮಗ್ಗದಲ್ಲಿ ಕೂತು ನೇಯ್ದವನ ಹೆಸರಿನಲ್ಲಿ. ಆದರೆ ಅವನ ಲಾಳಿಯೊಳಗಿನ ಕಂಡಿಕೆ ಸುತ್ತಿದ ಕೈ ಹೆಚ್ಚಾಗಿ ಹೆಂಡತಿಯದು, ಮಗಳದು, ಇಲ್ಲವೇ ನಾನಿಯಂಥ ನೆರೆಮನೆಯವರದು. ಕಂಡಿಕೆ ಇಲ್ಲದಿದ್ದರೆ ಲಾಳಿ ಬರಿದೇ ಓಡಾಡುತ್ತದೆ, ಸೀರೆ ಒಂದು ಅಂಗುಲವೂ ಬೆಳೆಯುವುದಿಲ್ಲ.

ಮಲಗಿದ್ದ ನಾನಿಯನ್ನು ದಿಂಬಿಗೆ ಒರಗಿಸಿ ಕೂರಿಸಿ ಬಟ್ಟಲು ಕೊಟ್ಟೆ. ಮುಳ್ಳು ಇದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ ಒಂದು ತುತ್ತು ತಿಂದರು. ರುಚಿ ಹೇಗಿದೆ ಎಂದು ಹೇಳಲಿಲ್ಲ, ಎಷ್ಟು ಹೊತ್ತು ಹಿಡಿಯಿತು ಎಂದೂ ಕೇಳಲಿಲ್ಲ. "ಮೀನು ತೊಳೆದದ್ದು ಯಾರು?" ಎಂದು ಕೇಳಿದರು.

"ನಾನೇ ನಾನಿ" ಎಂದೆ. ನನ್ನ ಕೈ ಹಿಡಿದು ಮೂಸಿ ನೋಡಿ ನಕ್ಕರು. "ಹಾಗಾದರೆ ಅಡುಗೆ ಮಾಡಿದವನು ನೀನೇ" ಎಂದರು.

ಈಗ ನಾನು ವಾರಕ್ಕೆ ಎರಡು ರಾತ್ರಿ ಅಡುಗೆ ಮಾಡುತ್ತೇನೆ. ಕೆಲಸ ಮಾಡುತ್ತಾ ಮಾಡುತ್ತಾ ಹೊತ್ತು ಉಳಿಸುವುದು ಹೇಗೆಂದು ತಿಳಿಯಿತು. ಮೀನು ಕತ್ತರಿಸುವವರನ್ನೇ ಹುರುಪೆ, ಹೊಟ್ಟೆ ಪೂರ್ತಿ ತೆಗೆದು ಕೊಡಿ ಎಂದು ಕೇಳಿಕೊಂಡರೆ ತೊಳೆಯುವುದು ಹತ್ತು ನಿಮಿಷಕ್ಕೆ ಇಳಿಯುತ್ತದೆ. ಶುಂಠಿ ಬೆಳ್ಳುಳ್ಳಿಯನ್ನೂ ಚಟ್ನಿಪುಡಿಯನ್ನೂ ಭಾನುವಾರ ಒಂದೇ ಸಲ ಮಾಡಿಟ್ಟರೆ ವಾರವೆಲ್ಲ ಬರುತ್ತದೆ. ಹಂಚಿಗೆ ಬಿಸಿ ಇರುವಾಗಲೇ ನೀರು ಹಾಕಿದರೆ ಉಜ್ಜುವ ಕೆಲಸ ಅರ್ಧ ಕಡಿಮೆ. ಮಾರ್ಕೆಟ್ಟಿಗೆ ಕಾಲೇಜಿನಿಂದ ಬರುವಾಗಲೇ ಹೋಗುತ್ತೇನೆ. ಈಗ ಎಲ್ಲ ಸೇರಿ ಒಂದು ಗಂಟೆ ಹತ್ತು ನಿಮಿಷ. ಇಪ್ಪತ್ತೈದಕ್ಕೆ ಯಾವತ್ತೂ ಇಳಿಯಲಿಲ್ಲ, ಇಳಿಯುವುದೂ ಇಲ್ಲ. ಇಳಿದರೆ ಉಳಿದದ್ದನ್ನು ಬೇರೆ ಯಾರೋ ಮಾಡುತ್ತಿದ್ದಾರೆ ಎಂದೇ ಅರ್ಥ. ಒಂದು ಮಾತು ಮಾತ್ರ ಒಪ್ಪಿಕೊಳ್ಳಬೇಕು, ವಾರದ ಉಳಿದ ಐದು ರಾತ್ರಿ ಇನ್ನೂ ಅಮ್ಮಿ ಮತ್ತು ತಂಗಿಯದೇ. ಲೆಕ್ಕ ಇನ್ನೂ ಸರಿಹೋಗಿಲ್ಲ.

ನಮ್ಮ ಕಾಲೇಜಿಗೆ ಎರಡು ವಿನಂತಿ ಇದೆ. ಒಂದು, ಎನ್ನೆಸ್ಸೆಸ್ ಶಿಬಿರದ ಬಗ್ಗೆ. ಕಳೆದ ಸಲ ಅಡುಗೆಯ ಸರದಿ ಪಟ್ಟಿಯಲ್ಲಿದ್ದದ್ದು ಬರೀ ಹುಡುಗಿಯರ ಹೆಸರು. ನಾವು ಬಡಿಸಿದೆವು, ಬಡಿಸುವಾಗ ಫೋಟೊ ತೆಗೆಸಿಕೊಂಡೆವು. ಮುಂದಿನ ಶಿಬಿರದಲ್ಲಿ ಹಾಜರಿ ಸಂಖ್ಯೆಯ ಪ್ರಕಾರ ಎಲ್ಲರಿಗೂ ಸರದಿ ಬರಲಿ, ಹೆಚ್ಚುವುದಕ್ಕೂ, ಪಾತ್ರೆ ತೊಳೆಯುವುದಕ್ಕೂ. ಮೊದಲ ದಿನದ ಪಾತ್ರೆಗೆ ನನ್ನ ಹೆಸರು ಬರೆದುಕೊಳ್ಳಿ. ಎರಡು, ಪೋಷಕರ ಸಭೆಯಲ್ಲಿ ಉಪನ್ಯಾಸಕರು ಹುಡುಗಿಯರ ಅಂಕ ಯಾಕೆ ಇಳಿಯಿತು ಎಂದು ಕೇಳುವಾಗ, ಮನೆಯಲ್ಲಿ ಅವಳಿಗೆ ಓದಲು ಎಷ್ಟು ಹೊತ್ತು ಸಿಗುತ್ತದೆ ಎಂದೂ ಕೇಳಲಿ. ಅಬ್ಬಾನನ್ನು ಯಾರಾದರೂ ಹೀಗೆ ಕೇಳಿದ್ದರೆ ಅವರು ಖಂಡಿತ ಯೋಚಿಸುತ್ತಿದ್ದರು. ಅವರು ಕೆಟ್ಟವರಲ್ಲ, ಅವರನ್ನು ಯಾರೂ ಕೇಳಿಲ್ಲ.

ಹುಡುಗರಿಗೆ ಒಂದೇ ವಿನಂತಿ. ಈ ವಾರ ಏಳು ದಿನ, ನಿಮ್ಮ ಮನೆಯಲ್ಲಿ ನಿಮ್ಮ ಒಂದು ಊಟದ ಹಿಂದೆ ಯಾರ ಎಷ್ಟು ನಿಮಿಷ ಹೋಯಿತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ. ಬರೆದ ಮೇಲೆ ಏನು ಮಾಡಬೇಕೆಂದು ನಾನು ಹೇಳಬೇಕಾಗಿಲ್ಲ.

ನಮ್ಮ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರು ಕೆರೆ ಕಟ್ಟಿಸಿದವರು. ಮಣ್ಣು ಹೊತ್ತವರಿಗೆ ಅವರು ಕೂಲಿ ಹಂಚಿದ ಕತೆಯನ್ನು ಇಲ್ಲಿ ಎಲ್ಲ ಮನೆಗಳಲ್ಲೂ ಹೇಳುತ್ತಾರೆ, ನಮ್ಮ ಮನೆಯಲ್ಲೂ. "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಅವರ ಮಾತನ್ನು ಜಾತ್ರೆಗೆ ಹೋಗುವ ಲಾರಿಗಳ ಹಿಂದೆ ಬರೆದಿರುವುದನ್ನು ನೋಡಿಯೇ ನಾವು ಬೆಳೆದಿದ್ದೇವೆ. ಕೆಲಸ ಮಾಡಿದವರಿಗೆ ಮಾಡಿದಷ್ಟು ಸಿಗಬೇಕು. ನಮ್ಮ ತಾಯಂದಿರಿಗೂ ತಂಗಿಯರಿಗೂ ಆ ಲೆಕ್ಕ ತೀರಿಸುವುದು ಒಂದು ಬಟ್ಟಲು ಮೀನು-ಅನ್ನದಿಂದ ಆಗುವ ಮಾತಲ್ಲ. ಆದರೆ ಎಲ್ಲಿಂದಲಾದರೂ ಶುರು ಮಾಡಬೇಕಲ್ಲ.

ಮುಂದಿನ ತಿಂಗಳು ತಂಗಿಗೆ ಲೆಕ್ಕಶಾಸ್ತ್ರದ ಕಿರು ಪರೀಕ್ಷೆ ಇದೆ. ಹಿಂದಿನ ರಾತ್ರಿ ಮೀನು ತರುವುದು, ತೊಳೆಯುವುದು, ಬೇಯಿಸುವುದು, ಪಾತ್ರೆ, ಸಿಂಕು ಎಲ್ಲ ನನ್ನದು. ಅವಳ 85 ನಿಮಿಷವನ್ನು ಅವಳಿಗೆ ವಾಪಸ್ ಕೊಡುತ್ತಿದ್ದೇನೆ. ಬಡ್ಡಿಯ ವಿಷಯ ಅವಳು ಇನ್ನೂ ಎತ್ತಿಲ್ಲ.

ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ